ಉತ್ತರನ ಪೌರುಷ ಲೈಬ್ರರಿ ಮುಂದೆ

ನಮ್ಮೂರ ಲೈಬ್ರರಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಒಂದು ಸ್ಟಾರ್ ಮಾಡಿನ, ಅಂದರೆ ಚಾವಣಿಯ, ಲೆಕ್ಕಕ್ಕೆ ಕಟ್. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿ ದುಡಿದು ಮನೆ ಸೇರಿದವ. ಹೆಚ್ಚಾಗಿ ಕುಮಟಾ–ಶಿರಸಿ ರೂಟು. ದೇವಿಮನೆ ಘಟ್ಟ ಹತ್ತುವಷ್ಟರಲ್ಲಿ ಟಿಕೆಟ್ ಮುಗಿದಿರುತ್ತಿತ್ತು. ಪೇಪರ್ ಬಂಡಲಿನಿಂದ ಒಂದು ಪುರವಣಿ ಎಳೆದು ಓದಿ, ಮಡಿಕೆ ಕೆಡದ ಹಾಗೆ ವಾಪಸ್ ತುರುಕುತ್ತಿದ್ದೆ. ನನ್ನ ಓದು ಅಂದರೆ ಅಷ್ಟೇ. ಹಾಗಾಗಿ ಇದು ದೊಡ್ಡ ಓದುಗನ ವಿಮರ್ಶೆ ಅಲ್ಲ, ಮೊಮ್ಮಗನ ಕೈ ಹಿಡಿದು ಹೋಗಿ ಬರುವ ಅಜ್ಜನ ವರದಿ.

ವಿಷಯ ನಮ್ಮೂರ ಪಂಚಾಯ್ತಿ ಲೈಬ್ರರಿ. ಬೋರ್ಡಿನ ಮೇಲೆ ಈಗ 'ಅರಿವು ಕೇಂದ್ರ' ಅಂತಿದೆ, ಬಾಯಲ್ಲಿ ಇನ್ನೂ ಲೈಬ್ರರಿಯೇ. ಹೊನ್ನಾವರ ತಾಲೂಕು, ಹೈವೇಯಿಂದ ಸಮುದ್ರದ ಬದಿಗೆ. ಊರಿನ ಹೆಸರು ಹಾಕುವುದಿಲ್ಲ. ಅಲ್ಲಿನ ಅಕ್ಕೋರು "ಅದೆಲ್ಲ ಬೇಡ ಮಾರಾಯ್ರೆ, ಆಮೇಲೆ ಮೇಲಿನವರು ಕೇಳ್ತಾರೆ" ಅಂದಿದ್ದಾರೆ. ಅವರು ಶಾಲೆಯ ಅಕ್ಕೋರಲ್ಲ, ಲೈಬ್ರರಿ ನೋಡಿಕೊಳ್ಳುವವರು. ಮಕ್ಕಳು ಹಾಗೆ ಕರೆದು ಕರೆದು ಈಗ ಊರಿಗೆಲ್ಲ ಅಕ್ಕೋರೇ.

ಮನೆ ತೆರಿಗೆ ರಸೀದಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 1965ರ ಗ್ರಂಥಾಲಯ ಕಾಯ್ದೆಯ ಲೆಕ್ಕ ಅದು, ತೆರಿಗೆಯ ಮೇಲೆ ನೂರಕ್ಕೆ 6. ನಾನು ವರ್ಷಾ ವರ್ಷ ಕಟ್ಟಿದ್ದೇನೆ, ಒಂದು ದಿನ ಒಳಗೆ ಕಾಲಿಟ್ಟಿರಲಿಲ್ಲ. ಟಿಕೆಟ್ ತೆಗೆದು ಬಸ್ ಹತ್ತದೆ ನಿಂತವನ ಹಾಗೆ.

ಹತ್ತಿಸಿದ್ದು ಮೊಮ್ಮಗ. ಅಲ್ಲ, ಅವನ ಮೊಬೈಲು. ನಾಲ್ಕನೇ ಕ್ಲಾಸು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು, ಸಂಜೆ ಅವ ನನ್ನ ಪಾಲಿಗೆ. ಊಟಕ್ಕೆ ಫೋನು, ಕಕ್ಕಸಿಗೆ ಫೋನು. ಕುಮಟೆಗೆ ಹೋಗಿ ಆರುನೂರು ರೂಪಾಯಿಯ ಪುಸ್ತಕ ತಂದೆ. ಒಂದು ತಿಂಗಳು ಟಿವಿ ಮೇಲೆ ಇದ್ದವು, ಆಮೇಲೆ ಹೆಂಡತಿ ಅದರ ಮೇಲೆ ದೇವರ ಬುಟ್ಟಿ ಇಟ್ಟಳು. "ಓದು, ಓದು" ಅಂತ ಬೈದೆ. ನಾನು ಬೈಯುವಾಗ ಅವ ನನ್ನನ್ನೇ ವಿಡಿಯೋ ಮಾಡಿದ.

ಪಂಚಾಯ್ತಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಇದೆ ಅಂತ ಯಾರೋ ಹೇಳಿದರು. ಕೊರೋನಾಕ್ಕೆ ಶಾಲೆ ಮುಚ್ಚಿದ್ದಾಗ, 2020ರ ನವೆಂಬರಿನಲ್ಲಿ, ಸರ್ಕಾರ 'ಓದುವ ಬೆಳಕು' ಅಂತ ಶುರು ಮಾಡಿದ್ದಂತೆ. 6ರಿಂದ 18 ವರ್ಷದವರಿಗೆ ದುಡ್ಡಿಲ್ಲ. ಕಾರ್ಡು ಮಾಡಿಸಲು ಎರಡು ನಿಮಿಷ ಆಯಿತು. ಪಂಚಾಯ್ತಿಯಲ್ಲಿ ಎರಡು ನಿಮಿಷದಲ್ಲಿ ಆದ ಕೆಲಸ ನನ್ನ ಆಯುಷ್ಯದಲ್ಲಿ ಅದೊಂದೇ.

ಒಳಗೆ ಹೊಕ್ಕಾಗ ಮೊದಲು ಕಂಡದ್ದು ಗಲಾಟೆ. 'ಮೌನವಾಗಿರಿ' ಅನ್ನುವ ಬೋರ್ಡನ್ನು ಅಕ್ಕೋರು ತಿರುವಿ ಹಾಕಿದ್ದಾರೆ. ಅದರ ಬೆನ್ನ ಮೇಲೆ ಸೀಮೆಸುಣ್ಣದಲ್ಲಿ 'ಇವತ್ತು ರಾತ್ರಿ ಆಟದಲ್ಲಿ ಬರುವವರು: ಭೀಮ, ಕೀಚಕ, ದ್ರೌಪದಿ, ಸುದೇಷ್ಣೆ' ಅಂತ ಬರೆದಿತ್ತು. ಅವತ್ತು ಶಾಲೆ ಬಯಲಿಗೆ ಯಕ್ಷಗಾನದ ಆಟ ಆಡುವ ಟೆಂಟಿನ ಮೇಳ ಬಂದಿತ್ತು. ಬೋರ್ಡಿನ ಕೆಳಗಿನ ಮೇಜಿನ ಮೇಲೆ ಆ ಕತೆ ಇರುವ ಪುಸ್ತಕ ಎಷ್ಟಿವೆಯೋ ಅಷ್ಟೂ ಹರಡಿದ್ದವು. ಸಣ್ಣವರಿಗೆ ಚಿತ್ರದ್ದು, ದೊಡ್ಡವರಿಗೆ ದಪ್ಪದ್ದು. ನಮ್ಮವ ಚಿತ್ರದ್ದು ಎತ್ತಿದ. "ಚಿತ್ರ ನೋಡುವುದೂ ಒಂದು ಓದಾ?" ಅಂತ ನಾನು ಕೇಳಿದೆ. ಅಕ್ಕೋರು ವಾದಕ್ಕೆ ಬರಲಿಲ್ಲ, ಸುತಲಿ ಕಟ್ಟಿದ್ದ ಅಮರ ಚಿತ್ರ ಕಥೆಯ ಒಂದು ಕಟ್ಟನ್ನು ನನ್ನ ಮುಂದೆ ಇಟ್ಟು ಹೋದರು. ಮೂರು ಮುಗಿಸುವಷ್ಟರಲ್ಲಿ ಚಾ ಹೊತ್ತು ದಾಟಿತ್ತು.

ಅಮರ ಚಿತ್ರ ಕಥೆಯನ್ನು ಹುಟ್ಟುಹಾಕಿದ ಅನಂತ ಪೈ ನಮ್ಮ ಕರಾವಳಿಯ ಕಾರ್ಕಳದವರು. 1967ರ ಸುಮಾರಿಗೆ ದಿಲ್ಲಿಯಲ್ಲಿ ಟಿವಿ ಕ್ವಿಜ್ ನೋಡುವಾಗ, ಗ್ರೀಕ್ ದೇವರುಗಳ ಹೆಸರು ಪಟಪಟ ಹೇಳುವ ಮಕ್ಕಳು ರಾಮನ ತಾಯಿಯ ಹೆಸರು ಕೇಳಿದರೆ ಬಾಯಿ ಬಿಟ್ಟದ್ದು ಕಂಡು ಶುರು ಮಾಡಿದ್ದಂತೆ. ನಮ್ಮೂರ ಮಕ್ಕಳಿಗೆ ಆ ತೊಂದರೆ ಇಲ್ಲ. ಆಟ ನೋಡಿಯೇ ಕೌಸಲ್ಯೆ ಗೊತ್ತು. ಆಟದಿಂದ ಪುಸ್ತಕಕ್ಕೆ ದಾರಿ ಮಾತ್ರ ಇರಲಿಲ್ಲ.

ಅವತ್ತು ರಾತ್ರಿ ಆಟಕ್ಕೆ ಹೋದಾಗ ಅವ ಹನ್ನೆರಡಕ್ಕೆ ನಿದ್ದೆ ಹೋಗಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ, "ಅಜ್ಜ, ಭಾಗವತರು ಒಂದು ಕತೆ ಬಿಟ್ರು, ಪುಸ್ತಕದಲ್ಲಿ ಇತ್ತು" ಅಂದ. ಹಾಡಿ ಆಟ ನಡೆಸುವ ಭಾಗವತರ ತಪ್ಪು ಹಿಡಿಯುವಷ್ಟು ದೊಡ್ಡವನಾದ!

ಪುರಾಣ ಮಾತ್ರ ಅಲ್ಲ, ಕ್ರಿಕೆಟ್ಟನ್ನೂ ಅಕ್ಕೋರು ಬಿಟ್ಟಿಲ್ಲ. ಐಪಿಎಲ್ ಹೊತ್ತಿಗೆ ಪ್ರತಿಯೊಬ್ಬನಿಗೂ ಹಳೇ ಲೆಕ್ಕದ ಪುಸ್ತಕ ಕೊಟ್ಟು, ಮ್ಯಾಚಿನ ಮರುದಿನ ಪೇಪರಿನ ತುಂಡು ಅಂಟಿಸಿ ಕೆಳಗೆ ಎರಡು ಸಾಲು ತಾವೇ ಬರೆಯಬೇಕು ಅಂತ ಮಾಡಿದರು. ಆರ್‌ಸಿಬಿಯವರದ್ದು ಹದಿನೆಂಟು ವರ್ಷದ ಕಾಯುವಿಕೆ, ಇವನದ್ದು ಒಂಬತ್ತು ವರ್ಷದ್ದು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬಿನ ಮೇಲೆ 6 ರನ್ನಿನಿಂದ ಗೆದ್ದರಲ್ಲ, ಮರುದಿನ ಲೈಬ್ರರಿಯ ಪೇಪರಿಗೆ ಹನ್ನೊಂದು ಮಕ್ಕಳ ಕ್ಯೂ.

ಅದರ ಮರುದಿನದ ಪೇಪರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತ. ಗೆಲುವಿನ ಸಂಭ್ರಮ ನೋಡಲು ಹೋದ 11 ಜನ ಸತ್ತಿದ್ದರು. ನಾನಾಗಿದ್ದರೆ ಆ ಪುಟ ಮಡಿಸಿ ಇಡುತ್ತಿದ್ದೆ. ಅವ ಬೆರಳಿಟ್ಟು ಕೊನೆಯ ತನಕ ಓದಿ, "ಅಕ್ಕೋರೇ, ಇದನ್ನೂ ಅಂಟಿಸಬೇಕಾ?" ಅಂತ ಕೇಳಿದ. "ಪುಸ್ತಕ ನಿಂದು ತಮ್ಮಾ, ನೀನೇ ಹೇಳು" ಅಂದರು. ಅಂಟಿಸಿದ. ಎರಡು ಸಾಲು ಬರೆಯಬೇಕಾದಲ್ಲಿ ಒಂದೇ ಬರೆದ: 'ಇವರು ಮನೆಗೆ ಹೋಗಲಿಲ್ಲ.' ಅವತ್ತು ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ.

ಇನ್ನು ನಾಲ್ಕು ಸ್ಟಾರಿನ ಅಸಲು ಕಾರಣ. ಮಳೆಗಾಲಕ್ಕೆ ಮೇಳ ಬಯಲು ಬಿಟ್ಟು ಹೋಗುತ್ತದೆ, ಆಗ ನಮ್ಮ ಕಡೆ ತಾಳಮದ್ದಳೆ. ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಲ್ಲೇ ಗೆಲ್ಲಬೇಕು. ಅಕ್ಕೋರು ಶನಿವಾರ ಶನಿವಾರ ಮಕ್ಕಳದ್ದೇ ತಾಳಮದ್ದಳೆ ಇಟ್ಟರು. ಹೈಸ್ಕೂಲಿನ ಹುಡುಗಿ ಭಾಗವತಿಕೆ, ಮದ್ದಳೆ ಅಂದರೆ ಬೆಂಚು. ಪ್ರಸಂಗ ವಿರಾಟಪರ್ವ. ನಮ್ಮವನಿಗೆ ಸಿಕ್ಕಿದ್ದು ಉತ್ತರಕುಮಾರ. ಬೃಹನ್ನಳೆ ಏಳನೇ ಕ್ಲಾಸಿನ ಹುಡುಗಿ, ಬಾಯಿ ಜೋರು, ಅಪ್ಪನದ್ದು ದೋಣಿ. ಮೊದಲ ಶನಿವಾರ ಇವ ಕೌರವರನ್ನೆಲ್ಲ ಕೊಚ್ಚಿ ಹಾಕುತ್ತೇನೆ ಅಂತ ಎದೆ ತಟ್ಟಿದ್ದೇ ತಡ, ಅವಳು ತಣ್ಣಗೆ, "ರಾಜಕುಮಾರಾ, ನಿನ್ನ ಬಿಲ್ಲು ಎಲ್ಲುಂಟು?" ಅಂದಳು. ಇವನ ಬಾಯಿ ಕಟ್ಟಿತು. ಎಲ್ಲರೂ ನಕ್ಕರು.

ಆ ವಾರ ಮೂರು ಪುಸ್ತಕ ಮನೆಗೆ ಬಂದವು. ಯಾರೂ ಓದು ಅನ್ನಲಿಲ್ಲ. ಊಟದ ಹೊತ್ತಿಗೆ ಫೋನಿನ ಜಾಗದಲ್ಲಿ ಪುಸ್ತಕ, ಅದರ ಮೇಲೆ ಸಾರಿನ ಹನಿ. ಅಜ್ಜಿಯ ಹತ್ತಿರ ಗಾದೆ ಕೇಳಿದ, ನನ್ನ ಹತ್ತಿರ ಬನ್ನಿಮರ ಹೇಗಿರುತ್ತದೆ ಅಂತ ಕೇಳಿದ. ಮುಂದಿನ ಶನಿವಾರ ಅವಳು ಮತ್ತೆ ಅದೇ ಪ್ರಶ್ನೆ ಎತ್ತಿದಳು. ಇವ ಕಾಲ ಮೇಲೆ ಕಾಲು ಹಾಕಿ, "ಬಿಲ್ಲು ಅಡುಗೆಮನೆಯಲ್ಲುಂಟು ಬೃಹನ್ನಳೇ. ನನ್ನ ಪೌರುಷ ಒಲೆ ಮುಂದೆ ಅಂತ ಲೋಕವೇ ಹೇಳುವಾಗ ಬಿಲ್ಲು ಬೇರೆಲ್ಲಿಡಲಿ?" ಅಂದ. ಹೊರಗೆ ಸೈಕಲ್ ಹಿಡಿದು ನಿಂತವರೂ ನಕ್ಕರು. ಅವಳೇನು ಕಡಿಮೆಯಾ, "ಹಾಗಾದರೆ ಬನ್ನಿಮರದ ಮೇಲೆ ಇರುವುದು ಯಾರದ್ದು, ಹತ್ತಿ ನೋಡಿ ಬಾ" ಅಂತ ಮರ ಹತ್ತಿಸಿಯೇ ಬಿಟ್ಟಳು. ಇವರಿಬ್ಬರೂ ಈಗ ಪುಸ್ತಕ ಅಡಗಿಸಿಡುವ ಮಟ್ಟಕ್ಕೆ ಬಂದಿದ್ದಾರೆ, ಒಬ್ಬರ ಓದು ಇನ್ನೊಬ್ಬರಿಗೆ ಸಿಗಬಾರದು ಅಂತ. ಕಪಾಟಿನ ಗಣಿತದ ಸಾಲಿನ ಹಿಂದೆ ನೋಡಿದರೆ ಸಿಗುತ್ತವೆ.

ವಿರಾಟಪರ್ವ ಓದಿದರೆ ಮಳೆ ಬರ್ತದೆ ಅಂತ ನನ್ನ ಹೆಂಡತಿ ಮೊದಲೇ ಹೇಳಿದ್ದಳು. ಜೂನ್ ತಿಂಗಳು, ಓದದಿದ್ದರೂ ಬರುತ್ತಿತ್ತು ಬಿಡಿ. ಅವತ್ತು ರಾತ್ರಿ ಹೊಡೆದ ಮಳೆಗೆ ಹಂಚಿನ ಮಾಡು ಸೋರಿತು. ಎಲ್ಲಿ? ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಎರಡು ಕಪಾಟು ತುಂಬಿವೆ, ಮಕ್ಕಳು ಮುಟ್ಟುವುದಿಲ್ಲ, ಅಲ್ಲಿ ಒಂದು ಹನಿ ಇಲ್ಲ. ಸೀದಾ ಮಹಾಭಾರತದ ಮೇಲೆ. ಮರುದಿನ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಭೀಷ್ಮ ದ್ರೋಣರೆಲ್ಲ ಕಾಲು ಇಳಿಬಿಟ್ಟು ಕೂತಿದ್ದರು. ಕೆಲವಕ್ಕೆ ಬೂಷ್ಟು ಹಿಡಿದಿದೆ. ಅರ್ಜಿ ಕೊಟ್ಟೆವು. "ಕ್ರಿಯಾಯೋಜನೆಯಲ್ಲಿ ಸೇರಿಸಿದ್ದೇವೆ" ಅನ್ನುವ ಉತ್ತರ ಬಂತು. ನಾನೂ ಸರ್ಕಾರಿ ಬಸ್ಸಿನವನೇ, ಆ ಮಾತಿನ ಅರ್ಥ ನನಗೆ ಗೊತ್ತು. ಒಂದು ಸ್ಟಾರ್ ಅದಕ್ಕೆ ಹೋಯಿತು. ಎರಡು ಕಂಪ್ಯೂಟರ್ ಮುಸುಕು ಹಾಕಿಕೊಂಡು ಕೂತಿವೆ, ಅದಕ್ಕೆ ಬೇರೆ ಕಟ್ ಮಾಡಿಲ್ಲ. ದಾನ ಮಾಡುವವರಿಗೆ ಒಂದು ಮಾತು: ಮನೆ ಸಾರಿಸುವಾಗ ಸಿಕ್ಕ ಹಳೇ ಪಠ್ಯಪುಸ್ತಕ ತಂದು ಸುರಿಯಬೇಡಿ. ಅದನ್ನು ವಿಂಗಡಿಸುವ ಕೆಲಸ ಈಗ ನನ್ನದು.

ಮೊಬೈಲ್ ಬಿಟ್ಟನಾ ಅಂತ ಕೇಳಿದರೆ, ಇಲ್ಲ. ಈಗ ತಾಳಮದ್ದಳೆಯ ವಿಡಿಯೋ ನೋಡುತ್ತಾನೆ, ದೊಡ್ಡ ಅರ್ಥಧಾರಿಗಳ ಮಾತು ಕದಿಯಲಿಕ್ಕೆ.

ಹೋಗುವವರು ಶನಿವಾರ ಸಂಜೆ ಹೋಗಿ. ಬಾಗಿಲ ಹತ್ತಿರ ನೀಲಿ ಬಕೆಟ್ ಇದೆ, ಒದ್ದೆ ಕೊಡೆ ಅದರಲ್ಲಿ ಇಡಿ. ಒಳಗಿನ ಕೆಂಪು ಬಕೆಟ್ ಕೊಡೆಗಲ್ಲ, ಅದು ಮಾಡಿನ ಕೆಳಗಿದೆ. ಸರಿಸಬೇಡಿ.