ಅಮ್ಮನ ಹೃದಯದಲ್ಲಿ ಮೈಟ್ರಾಕ್ಲಿಪ್: ಹತ್ತು ತಿಂಗಳ ನಂತರದ ಅಭಿಪ್ರಾಯ

ತುಮಕೂರಿನ ಅಮಾನಿಕೆರೆಯ ಏರಿಯ ಮೇಲೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುತ್ತ ಕುಳಿತುಬಿಡುತ್ತಿದ್ದ, ರಾತ್ರಿ ಮೂರು ದಿಂಬು ಒರಗಿಕೊಳ್ಳದೆ ನಿದ್ರಿಸಲಾಗದಿದ್ದ ನನ್ನ 76 ವರ್ಷದ ತಾಯಿಗೆ, ಹತ್ತು ತಿಂಗಳ ಹಿಂದೆ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಎದೆ ಕೊಯ್ಯದೆಯೇ, ಸೋರುವ ಹೃದಯ ಕವಾಟವನ್ನು ಹಿಡಿದಿಡುವ ಮೈಟ್ರಾಕ್ಲಿಪ್ ಎಂಬ ಸಾಧನವನ್ನು ಅಳವಡಿಸಲಾಯಿತು. ನೆಂಟರಿಷ್ಟರು ಪದೇ ಪದೇ ವಿಚಾರಿಸುತ್ತಿರುವುದರಿಂದ ಈ ಸಾಧನದ ಬಗ್ಗೆ ನನ್ನ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ.

ಹೃದಯದ ಎಡಭಾಗದಲ್ಲಿರುವ ಮೈಟ್ರಲ್ ಕವಾಟದ ಎರಡು ಪದರಗಳು ಸರಿಯಾಗಿ ಕೂಡಿಕೊಳ್ಳದಿದ್ದರೆ ರಕ್ತ ಹಿಮ್ಮುಖವಾಗಿ ಸೋರುತ್ತದೆ. ಆ ಪದರಗಳ ಅಂಚುಗಳನ್ನು ನಡುವೆ ಒಂದೆಡೆ ಸೇರಿಸಿ ಹೊಲಿಯುವ ಉಪಾಯವನ್ನು ಇಟಲಿಯ ಶಸ್ತ್ರವೈದ್ಯ ಒಟ್ಟಾವಿಯೊ ಅಲ್ಫಿಯೇರಿ 1990ರ ದಶಕದಲ್ಲಿ ಪ್ರಚಾರಕ್ಕೆ ತಂದರು. ಆ ಹೊಲಿಗೆಯ ಕೆಲಸವನ್ನೇ ಈ ಪುಟ್ಟ ಲೋಹದ ಕ್ಲಿಪ್ಪು ಮಾಡುತ್ತದೆ. ತೊಡೆಸಂದಿನ ರಕ್ತನಾಳದಿಂದ ಕೊಳವೆಯನ್ನು ಏರಿಸಿ, ಹೃದಯದ ಮೇಲಿನ ಕೋಣೆಗಳ ನಡುವಿನ ಗೋಡೆಯನ್ನು ತೂರಿ, ಅನ್ನನಾಳಕ್ಕೆ ಇಳಿಸಿದ ಎಕೋ ಉಪಕರಣದ ಚಿತ್ರವನ್ನು ನೋಡುತ್ತ ಅದನ್ನು ಕವಾಟದವರೆಗೆ ಒಯ್ಯುತ್ತಾರೆ. ನನಗೆ ಬಹಳ ಮೆಚ್ಚುಗೆಯಾದ ಗುಣವೆಂದರೆ, ಹಿಡಿತ ಸರಿಬಾರದಿದ್ದರೆ ಕೊಳವೆಯಿಂದ ಬಿಡಿಸುವ ಮುನ್ನ ಕ್ಲಿಪ್ಪನ್ನು ತೆರೆದು ಮತ್ತೆ ಹಿಡಿಸಬಹುದು. ಅಮ್ಮನಿಗೆ ಮೊದಲ ಹಿಡಿತದಲ್ಲಿ ಸೋರಿಕೆ ಸಾಕಷ್ಟು ತಗ್ಗದೆ, ಎರಡನೆಯ ಬಾರಿ ಜಾಗ ಬದಲಿಸಿ ಹಿಡಿಸಿದರಂತೆ.

ನಾಲ್ಕನೆಯ ದಿನ ಮನೆಗೆ ಬಂದೆವು. ಗಂಟಲು ನೋವು ಎರಡು ದಿನವಿತ್ತು, ಅಷ್ಟೆ. ಎಕೋ ವರದಿಯಲ್ಲಿ 'ತೀವ್ರ' ಎಂದಿದ್ದ ಸೋರಿಕೆ 'ಅಲ್ಪ'ಕ್ಕೆ ಇಳಿದಿದೆಯೇ ಹೊರತು ಪೂರ್ತಿ ನಿಂತಿಲ್ಲ. ಮಾತ್ರೆಗಳೂ ತಪ್ಪಿಲ್ಲ, ಉಪ್ಪಿನಕಾಯಿ ಹಪ್ಪಳದ ಮೇಲಿನ ನಿಷೇಧವೂ ತೆರವಾಗಿಲ್ಲ. ಆದರೆ ಈಗ ಒಂದೇ ದಿಂಬು ಸಾಕು, ಕಾಲಿನ ಬಾವು ಇಳಿದಿದೆ.

ಈ ಸಾಧನ ಯಾರಿಗೆ ಒಗ್ಗುತ್ತದೆ ಎಂಬುದೇ ಮುಖ್ಯ ಪ್ರಶ್ನೆ. ಹೃದಯದ ಸ್ನಾಯು ದುರ್ಬಲಗೊಂಡು ಅದರಿಂದಾಗಿ ಕವಾಟ ಸೋರುತ್ತಿದ್ದ ರೋಗಿಗಳ ಮೇಲೆ ನಡೆದ ಎರಡು ಅಧ್ಯಯನಗಳು 2018ರಲ್ಲಿ ಪ್ರಕಟವಾದವು. ಕೋಆಪ್ಟ್ ಅಧ್ಯಯನದಲ್ಲಿ ಎರಡು ವರ್ಷಗಳೊಳಗೆ ತೀರಿಕೊಂಡವರು ಕ್ಲಿಪ್ ಹಾಕಿಸಿಕೊಂಡವರಲ್ಲಿ ಶೇ. 29.1, ಔಷಧ ಮಾತ್ರ ಪಡೆದವರಲ್ಲಿ ಶೇ. 46.1 ಇದ್ದರೆ, ಫ್ರಾನ್ಸಿನ ಮಿತ್ರಾ-ಎಫ್‌ಆರ್ ಅಧ್ಯಯನದಲ್ಲಿ ಒಂದು ವರ್ಷದ ಕೊನೆಗೆ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೋಆಪ್ಟ್‌ಗೆ ಆಯ್ದವರಲ್ಲಿ ಸೋರಿಕೆ ಹೆಚ್ಚು, ಹೃದಯದ ಹಿಗ್ಗುವಿಕೆ ಕಡಿಮೆ. ಔಷಧಗಳನ್ನು ಪೂರ್ಣ ಪ್ರಮಾಣದಲ್ಲಿ ಕೊಟ್ಟು ನೋಡಿದ ಮೇಲೆಯೇ ಅವರನ್ನು ಸೇರಿಸಿಕೊಂಡಿದ್ದರು. ಹಾಗಾಗಿ ಮಾತ್ರೆಗಳನ್ನು ಸರಿಯಾಗಿ ಹೊಂದಿಸುವ ಮೊದಲೇ ಕ್ಲಿಪ್ಪಿನ ಮಾತೆತ್ತುವ ವೈದ್ಯರಿದ್ದರೆ ಇನ್ನೊಬ್ಬರನ್ನು ಕೇಳುವುದು ಮೇಲು. ಗುಬ್ಬಿಯ ನೆಂಟರೊಬ್ಬರು ತಮ್ಮ ಸೊಸೆಗೂ ಇದನ್ನೇ ಹಾಕಿಸಬಹುದೇ ಎಂದು ಕೇಳಿದ್ದರು. ಆಕೆಯದು ಚಿಕ್ಕಂದಿನ ಸಂಧಿವಾತ ಜ್ವರದಿಂದ ಕಿರಿದಾದ ಕವಾಟ. ಎರಡು ಅಂಚುಗಳನ್ನು ಸೇರಿಸಿದರೆ ದಾರಿ ಇನ್ನಷ್ಟು ಕಿರಿದಾಗುತ್ತದೆಯಾದ್ದರಿಂದ, ಅಂಥವರಿಗೆ ವೈದ್ಯರು ಪರಿಗಣಿಸುವುದು ಬಲೂನಿನಿಂದ ಕವಾಟ ಹಿಗ್ಗಿಸುವ ಬೇರೆಯದೇ ಚಿಕಿತ್ಸೆಯನ್ನು.

ವೆಚ್ಚದ ವಿಷಯದಲ್ಲಿ ಮುಚ್ಚುಮರೆಯಿಲ್ಲ: ಶಿರಾ ರಸ್ತೆಯಲ್ಲಿದ್ದ ನಿವೇಶನವನ್ನು ಮಾರಿದೆವು. ಎದೆ ತೆರೆಯುವ ಶಸ್ತ್ರಚಿಕಿತ್ಸೆ ತಾಳಿಕೊಳ್ಳಬಲ್ಲವರಿಗೆ, ಕವಾಟದ್ದೇ ದೋಷವಿದ್ದಾಗ, ಶಸ್ತ್ರವೈದ್ಯರು ಮಾಡುವ ರಿಪೇರಿಯೇ ಇಂದಿಗೂ ಮೊದಲ ಆಯ್ಕೆ. ಅಮ್ಮನ ಮೂತ್ರಪಿಂಡವೂ ವಯಸ್ಸೂ ಅದಕ್ಕೆ ಅವಕಾಶ ಕೊಡಲಿಲ್ಲ.

ನನ್ನ ಅಸಮಾಧಾನ ಸಾಧನದ ಬಗ್ಗೆಯಲ್ಲ, ಆಸ್ಪತ್ರೆಯ ಬಗ್ಗೆ. ಹಲ್ಲು ಕೀಳಿಸುವ ಮುನ್ನ, ಕವಾಟಕ್ಕೆ ಸೋಂಕು ತಗಲದಂತೆ ಆ್ಯಂಟಿಬಯೋಟಿಕ್ ತೆಗೆದುಕೊಳ್ಳಬೇಕೆಂಬುದನ್ನು ಬಿಡುಗಡೆ ಪತ್ರದಲ್ಲಿ ಬರೆದಿರಲಿಲ್ಲ, ಬಾಯಲ್ಲೂ ಹೇಳಿರಲಿಲ್ಲ. ಕಳೆದ ತಿಂಗಳು ಇಲ್ಲಿಯ ದಂತವೈದ್ಯೆಯೊಬ್ಬರು, ಅಮ್ಮನ ಕೈಚೀಲದಲ್ಲಿದ್ದ ಕ್ಲಿಪ್ಪಿನ ಗುರುತುಚೀಟಿಯನ್ನು ನೋಡಿ, ಎತ್ತಿಕೊಂಡಿದ್ದ ಇಕ್ಕಳವನ್ನು ಕೆಳಗಿಟ್ಟು, ಮೊದಲು ಹೃದಯ ತಜ್ಞರಿಗೆ ಫೋನ್ ಮಾಡಿಸಿದರು.