ಕ್ಲೋನ್‌ಝಿಲ್ಲಾ: ನಾಲ್ಕು ವರ್ಷ, ಮೂರು ಸ್ಥಳಾಂತರ, ಒಂದು ಅನಾಹುತ

ಒಂದು ಡಿಸ್ಕಿನಲ್ಲಿರುವುದನ್ನೆಲ್ಲ ಹಾಗೆಯೇ ಇನ್ನೊಂದಕ್ಕೆ ಕಾಪಿ ಮಾಡುವ ಸಾಫ್ಟ್‌ವೇರ್ ಕ್ಲೋನ್‌ಝಿಲ್ಲಾ, ಅದರ ಜೊತೆಗಿನ ನನ್ನ ಅನುಭವ ಇದು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನದು ಡಿಟಿಪಿ, ಝರಾಕ್ಸ್ ಅಂಗಡಿ. ಬೇಸಿಗೆ ಬಂತೆಂದರೆ ಒಂದು ಕಡೆ ಎಂಜಿನಿಯರಿಂಗ್ ಹುಡುಗರ ಪ್ರಾಜೆಕ್ಟ್ ರಿಪೋರ್ಟು, ಇನ್ನೊಂದು ಕಡೆ ಲಗ್ನಸರಾಯಿ. ಆ ಎರಡು ತಿಂಗಳು ಕಂಪ್ಯೂಟರ್ ಒಂದು ದಿನ ಮಲಗಿದರೂ ನಾನು ಬಾಗಿಲು ಹಾಕಿಕೊಂಡು ಊರು ಬಿಡಬೇಕು, ಅಷ್ಟು ಜನ ಕೇಳಲು ಬರುತ್ತಾರೆ.

2021ರಲ್ಲಿ ನನ್ನ ಮುಖ್ಯ ಕಂಪ್ಯೂಟರ್ ಆ ಸ್ಥಿತಿಗೆ ಬಂದಿತ್ತು. ನಾಲ್ಕನೇ ತಲೆಮಾರಿನ ಐ3, 500 ಜಿಬಿ ಹಾರ್ಡ್ ಡಿಸ್ಕು. ಬೆಳಿಗ್ಗೆ ಬಟನ್ ಒತ್ತಿ, ಅಂಗಡಿ ಗುಡಿಸಿ, ದೇವರ ಫೋಟೋಗೆ ಊದಿನಕಡ್ಡಿ ಹಚ್ಚಿ ಬಂದು ಕುಳಿತರೂ ವಿಂಡೋಸ್ ಇನ್ನೂ ಚಕ್ರ ತಿರುಗಿಸುತ್ತಿತ್ತು. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಡಿಸ್ಕು) ಹಾಕಿಸಬೇಕು ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಪ್ರಶ್ನೆ ಇದ್ದದ್ದು, ವಿಂಡೋಸ್ ಹೊಸದಾಗಿ ಹಾಕುವುದೋ, ಇದ್ದದ್ದನ್ನೇ ಎತ್ತಿ ಹೊಸ ಡಿಸ್ಕಿಗೆ ಇಡುವುದೋ.

ರಿಪೇರಿ ಹುಡುಗ ಹೇಳಿದ್ದು ಒಂದೇ ಮಾತು: "ಫ್ರೆಶ್ ಹಾಕೂಣ್ರಿ ಅಣ್ಣಾರ, ಎಲ್ಲಾ ಸ್ವಚ್ಛ ಆಗ್ತದ." ಮನೆ ಕಂಪ್ಯೂಟರ್ ಆಗಿದ್ದರೆ ನಾನೂ ಹೂಂ ಅನ್ನುತ್ತಿದ್ದೆ. ಆದರೆ ಕನ್ನಡ ಡಿಟಿಪಿ ಮಾಡುವವರ ಕಂಪ್ಯೂಟರ್ ಅಂದರೆ ಹಳೇ ಅಟ್ಟ ಇದ್ದ ಹಾಗೆ. ಪುಟ ಜೋಡಿಸಲು ಬಳಸುವ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಎಲ್ಲ ಭಾಷೆಯ ಅಕ್ಷರಗಳಿಗೂ ಈಗ ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿ ಅದಕ್ಕೆ ಗೊತ್ತೇ ಇಲ್ಲ. ಆದ್ದರಿಂದ ಹಳೆಯ ನುಡಿ ಫಾಂಟುಗಳು ಬೇಕೇ ಬೇಕು. ಆ ಫಾಂಟಿನಲ್ಲಿ ಹತ್ತು ವರ್ಷ ಮಾಡಿಟ್ಟ ಲಗ್ನಪತ್ರಿಕೆ, ಶ್ರದ್ಧಾಂಜಲಿ ಕಾರ್ಡು, ಜಾತ್ರೆಯ ಕರಪತ್ರ ಎಲ್ಲ ಇವೆ. ಫಾಂಟ್ ಒಂದು ತಪ್ಪಿದರೆ "ಶ್ರೀ" ಇರುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿ. ಕೆಲವು ಸಾಫ್ಟ್‌ವೇರಿನ ಸಿಡಿ ಎಲ್ಲಿವೆಯೋ ದೇವರಿಗೇ ಗೊತ್ತು, ಸ್ಕ್ಯಾನರಿನ ಡ್ರೈವರ್ ಈಗ ಕಂಪನಿಯೇ ಕೊಡುವುದಿಲ್ಲ. ಅದಕ್ಕೇ ಕ್ಲೋನ್ ಮಾಡುವುದೆಂದು ತೀರ್ಮಾನಿಸಿದೆ. ಆಯ್ದುಕೊಂಡದ್ದು ಕ್ಲೋನ್‌ಝಿಲ್ಲಾ. ತೈವಾನಿನ ರಾಷ್ಟ್ರೀಯ ಹೈ ಪರ್ಫಾರ್ಮೆನ್ಸ್ ಕಂಪ್ಯೂಟಿಂಗ್ ಕೇಂದ್ರದವರು ಮಾಡಿದ ಉಚಿತ, ಮುಕ್ತ ಸಾಫ್ಟ್‌ವೇರ್. ಪೆನ್ ಡ್ರೈವಿಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಚಾಲೂ (ಬೂಟ್) ಮಾಡಿ ನಡೆಸಬೇಕು. ಕಾಪಿ ಆಗುವಾಗ ವಿಂಡೋಸ್ ನಿದ್ದೆಯಲ್ಲಿರುತ್ತದೆ, ನನಗೆ ಹಿಡಿಸಿದ್ದು ಅದೇ.

ನೋಡಲು ಚೆಂದ ಇಲ್ಲ, ಮೊದಲೇ ಹೇಳುತ್ತೇನೆ. ಮೌಸ್ ಬೇಡವೇ ಬೇಡ. ಬಾಣದ ಕೀಲಿ, ಸ್ಪೇಸ್ ಬಾರ್, ಎಂಟರ್, ಅಷ್ಟೇ. ಡಿಸ್ಕುಗಳಿಗೆ ಸಿ, ಡಿ ಅಂತ ಹೆಸರಿಲ್ಲ, ಎಸ್‌ಡಿಎ, ಎಸ್‌ಡಿಬಿ ಅಂತ ಕರೆಯುತ್ತದೆ. ಈ ಎಸ್‌ಡಿಎ, ಎಸ್‌ಡಿಬಿ ಮುಂದೆ ನನ್ನ ಮಾನ ಕಳೆದವು, ಆ ಕಥೆ ಆಮೇಲೆ.

ಮೊದಲ ಸಲದ ತೊಡಕು 20 ಜಿಬಿಯದು. ಹಳೆಯದು 500 ಜಿಬಿ, ನಾನು ತಂದ ಎಸ್‌ಎಸ್‌ಡಿ 480. ಹಳೆ ಡಿಸ್ಕಿನಲ್ಲಿ ತುಂಬಿದ್ದು 180 ಜಿಬಿ ಮಾತ್ರ, ಆದರೂ ಕ್ಲೋನ್‌ಝಿಲ್ಲಾ ಒಪ್ಪಲಿಲ್ಲ. ಹೊಸ ಡಿಸ್ಕು ಹಳೆಯದರಷ್ಟಾದರೂ ಇರಬೇಕು ಅನ್ನುವುದು ಅದರ ಮೂಲ ನಿಯಮ, ಒಳಗೆ ಎಷ್ಟು ಖಾಲಿ ಇದೆ ಅನ್ನುವುದು ಅದಕ್ಕೆ ಸಂಬಂಧವಿಲ್ಲ. ದಾರಿ ಇದೆ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡಿಸ್ಕಿನ ಕೊನೆಯ ಭಾಗವನ್ನು, ಅಂದರೆ ಕೊನೆಯ ಪಾರ್ಟಿಶನ್ನನ್ನು (ನನ್ನದು ಡಿ ಡ್ರೈವ್) 50 ಜಿಬಿ ಕುಗ್ಗಿಸಿ, ಎಲ್ಲವೂ 480ರ ಒಳಗೆ ಬರುವಂತೆ ಮಾಡಿದೆ. ಆಮೇಲೆ ಕ್ಲೋನ್‌ಝಿಲ್ಲಾದ ಎಕ್ಸ್‌ಪರ್ಟ್ ಮೋಡಿನಲ್ಲಿ 'ಐಸಿಡಿಎಸ್' ಅನ್ನುವ ಆಯ್ಕೆಗೆ ಗುರುತು ಹಾಕಿದೆ. ಡಿಸ್ಕಿನ ಅಳತೆ ನೋಡಬೇಡ, ಮುಂದೆ ಹೋಗು ಅಂತ ಅದರ ಅರ್ಥ. ನಲವತ್ತು ನಿಮಿಷಕ್ಕೆ ಕೆಲಸ ಮುಗಿಯಿತು. ಬಳಕೆಯಾದ ಜಾಗವನ್ನಷ್ಟೇ ಕಾಪಿ ಮಾಡುವುದರಿಂದ ಇಷ್ಟು ಬೇಗ.

ಹಳೆ ಡಿಸ್ಕಿನ ವೈರ್ ಕಿತ್ತು, ಹೊಸದೊಂದನ್ನೇ ಇಟ್ಟು ಬಟನ್ ಒತ್ತಿದೆ. ಎರಡನ್ನೂ ಒಟ್ಟಿಗೆ ಇಟ್ಟು ಚಾಲೂ ಮಾಡಬಾರದು. ಎರಡರ ಸಹಿಯೂ ಒಂದೇ ಆಗಿರುತ್ತದೆ, ವಿಂಡೋಸಿಗೆ ಗೊಂದಲವಾಗಿ ಒಂದನ್ನು ಆಫ್‌ಲೈನ್ ಮಾಡಿಬಿಡುತ್ತದೆ. ಊದಿನಕಡ್ಡಿ ಪೊಟ್ಟಣ ತೆಗೆಯುವಷ್ಟರಲ್ಲಿ ಡೆಸ್ಕ್‌ಟಾಪ್ ಬಂದಿತ್ತು. ಅದೇ ವಾಲ್‌ಪೇಪರ್, ಅದೇ ಹರಕುಮುರುಕು ಐಕಾನ್‌ಗಳು, ಪೇಜ್‌ಮೇಕರಿನಲ್ಲಿ "ಶ್ರೀ" ಶ್ರೀಯಾಗಿಯೇ ಇತ್ತು. ಅವತ್ತು ಹುಡುಗರಿಗೆ ಮಿರ್ಚಿ, ಮಂಡಾಳ ಒಗ್ಗರಣಿ ನನ್ನ ಕಡೆಯಿಂದ.

ಇನ್ನು ಅನಾಹುತ. 2023ರಲ್ಲಿ ಕೌಂಟರಿನ ಕಂಪ್ಯೂಟರಿಗೂ ಅದೇ ಚಿಕಿತ್ಸೆ ಕೊಡಲು ಹೋದೆ. ದುಡ್ಡು ಉಳಿಸೋಣ ಎಂದು ಒಬ್ಬರಿಂದ ಬಳಸಿದ 240 ಜಿಬಿ ಎಸ್‌ಎಸ್‌ಡಿ ತಂದಿದ್ದೆ, ಅದರಲ್ಲಿ ಅವರ ಹಳೆ ವಿಂಡೋಸ್ ಹಾಗೆಯೇ ಇತ್ತು. ಕೌಂಟರಿನದು 500 ಜಿಬಿ ಹಾರ್ಡ್ ಡಿಸ್ಕು. ಪಾರ್ಟಿಶನ್ ಕುಗ್ಗಿಸಿಟ್ಟಿದ್ದೆ, ಆದರೆ ಎಕ್ಸ್‌ಪರ್ಟ್ ಮೋಡಿಗೆ ಹೋಗುವುದು ಮರೆತೆ. ಸರಿಯಾದ ದಿಕ್ಕಿನಲ್ಲಿ ಕೊಟ್ಟೆ, ಡಿಸ್ಕು ಚಿಕ್ಕದು ಎಂದು ನಿರಾಕರಿಸಿತು. ಮತ್ತೆ ಮೊದಲಿಂದ ಶುರು ಮಾಡಿದೆ. ಅಷ್ಟರಲ್ಲಿ ಗಿರಾಕಿಯೊಬ್ಬರು ಕೌಂಟರ್ ಮೇಲೆ ಬಗ್ಗಿ, "ಸರ, ನಮ್ಮ ಪತ್ರಿಕಿ ಎಲ್ಲೀಮಟ ಬಂತ್ರಿ? ಮಾವಾರ ಹೆಸರ ಬದ್ಲಿ ಮಾಡಬೇಕಿತ್ತು" ಅಂದರು. ಅವರಿಗೆ ಉತ್ತರ ಕೊಡುತ್ತಲೇ ಎಸ್‌ಡಿಎ, ಎಸ್‌ಡಿಬಿ ಅದಲುಬದಲು ಆರಿಸಿದೆ. ಈ ಸಲ ಸಾಫ್ಟ್‌ವೇರ್ ತಕರಾರು ತೆಗೆಯಲಿಲ್ಲ. ತೆಗೆಯುವುದಾದರೂ ಯಾಕೆ? 240ರದ್ದು 500ಕ್ಕೆ ಆರಾಮಾಗಿ ಹಿಡಿಯುತ್ತದಲ್ಲ! ಸರಿದಾರಿಯಲ್ಲಿ ಹೋದವನನ್ನು ತಡೆದು ನಿಲ್ಲಿಸಿತ್ತು, ತಪ್ಪುದಾರಿಯಲ್ಲಿ ಬಾಗಿಲು ತೆರೆದು ಒಳಗೆ ಕರೆಯಿತು. ಖಂಡಿತವೇ ಎಂದು ಎರಡು ಸಲ ಕೇಳಿತು, ಯಾವ ಡಿಸ್ಕು ಅಳಿಸಿ ಹೋಗುತ್ತದೆ ಎಂದೂ ತೋರಿಸಿತು. ನಾನೇ ಓದದೆ ಎರಡು ಸಲವೂ ವೈ ಒತ್ತಿದೆ. ತಪ್ಪು ನೂರಕ್ಕೆ ನೂರು ನನ್ನದು.

ಚಾಲೂ ಮಾಡಿದಾಗ ಪರದೆಯ ಮೇಲೆ ಯಾರದೋ ಮಗುವಿನ ಹುಟ್ಟುಹಬ್ಬದ ಫೋಟೋ. ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಸ್ಟೂಲ್ ಎಳೆದು ಕುಳಿತೆ.

ಆ ಡಿಸ್ಕಿನ ಮೇಲೆ ಮತ್ತೇನೂ ಬರೆಯದೆ ಬಿಚ್ಚಿ, ಇನ್ನೊಂದು ಕಂಪ್ಯೂಟರಿಗೆ ಹಚ್ಚಿ, ಅಳಿದ ಫೈಲ್ ಹುಡುಕಿ ಕೊಡುವ ಫೋಟೋರೆಕ್ ಓಡಿಸಿದೆ. ರಾತ್ರಿಯೆಲ್ಲ ಓಡಿತು. ಎಸ್‌ಎಸ್‌ಡಿಯಿಂದ ಬಂದ ವಿಂಡೋಸ್ ಆವರಿಸದೆ ಉಳಿದ ಜಾಗದಲ್ಲಿದ್ದ ಫೋಟೋ, ಪಿಡಿಎಫ್ ಸಾವಿರಾರು ಸಿಕ್ಕವು. ಫೈಲಿನ ಹೆಸರು ಮಾತ್ರ ಒಂದೂ ಇಲ್ಲ. ಎಲ್ಲವೂ ಎಫ್ ಅಕ್ಷರ, ಮುಂದೆ ಉದ್ದನೆಯ ನಂಬರು. ಯಾರ ಆಧಾರ್, ಯಾರ ಅಂಕಪಟ್ಟಿ ಅಂತ ಒಂದೊಂದೇ ತೆರೆದು ನೋಡಬೇಕು. ನಡೆಯುತ್ತಿದ್ದ ಪತ್ರಿಕೆಗಳನ್ನು ಉಳಿಸಿದ್ದು ವಾಟ್ಸಾಪ್. ಪ್ರೂಫ್ ಅಂತ ಗಿರಾಕಿಗಳಿಗೆ ಕಳಿಸಿದ ಪಿಡಿಎಫ್‌ಗಳನ್ನು ಅವರಿಂದಲೇ ವಾಪಸ್ ಕೇಳಿ ತರಿಸಿದೆ, ಯಾಕೆ ಅಂತ ಮಾತ್ರ ಹೇಳಲಿಲ್ಲ. ಮಾವನವರ ಹೆಸರು ಬದಲಿಸಬೇಕಿದ್ದ ಪತ್ರಿಕೆಯನ್ನು ಹೊಸದಾಗಿಯೇ ಟೈಪ್ ಮಾಡಿದೆ.

ಅಂದಿನಿಂದ ಒಂದು ಪದ್ಧತಿ. ಕೆಲಸ ಶುರುವಾಗುವ ಮೊದಲು ಎರಡೂ ಡಿಸ್ಕಿನ ಮೇಲಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕೆ ಚೀಟಿಯಲ್ಲಿ ಬರೆದು, "ಇದರಿಂದ", "ಇದಕ್ಕೆ" ಅಂತ ಗುರುತು ಹಾಕಿ ಮಾನಿಟರಿನ ಅಂಚಿಗೆ ಟೇಪ್ ಹಚ್ಚುತ್ತೇನೆ. ಕ್ಲೋನ್‌ಝಿಲ್ಲಾ ಪಟ್ಟಿಯಲ್ಲಿ ಮಾಡೆಲ್, ಸೀರಿಯಲ್ ಎರಡೂ ಕಾಣುತ್ತವೆ, ತಾಳೆ ನೋಡುವುದು ಸುಲಭ. ಶಟರ್ ಅರ್ಧ ಇಳಿಸಿ, ಫೋನ್ ಸೈಲೆಂಟ್ ಇಟ್ಟೇ ಕೂರುತ್ತೇನೆ.

ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಕೂಡ ಮೊದಲೇ ಆಫ್ ಮಾಡಿ. ಇಲ್ಲದಿದ್ದರೆ ಶಟ್‌ಡೌನ್ ಮಾಡಿದೆ ಎಂದು ನೀವು ತಿಳಿದಿರುತ್ತೀರಿ, ಅದು ಅರ್ಧ ಎಚ್ಚರವಾಗಿಯೇ ಇರುತ್ತದೆ. ಆ ಸ್ಥಿತಿಯ ಡ್ರೈವನ್ನು ಕಾಪಿ ಮಾಡಲು ಕ್ಲೋನ್‌ಝಿಲ್ಲಾ ಒಪ್ಪುವುದಿಲ್ಲ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಟ್ಟರೂ ನಡೆಯುತ್ತದೆ. ಲ್ಯಾಪ್‌ಟಾಪ್ ಆದರೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ) ಇದೆಯೇ ನೋಡಿ, ಈಚಿನವುಗಳಲ್ಲಿ ನೀವು ಕೇಳದಿದ್ದರೂ ಚಾಲೂ ಇರುತ್ತದೆ. ಇನ್ನು ಯುಪಿಎಸ್. ನಮ್ಮ ಕಡೆ ಏಪ್ರಿಲ್ ಮಧ್ಯಾಹ್ನ ಕರೆಂಟಿನ ಭರವಸೆ ಯಾರೂ ಕೊಡಲಾರರು.

ಮೂರನೇ ಸ್ಥಳಾಂತರಕ್ಕೆ ಕಾರಣ ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿಯಿತು. ಇನ್ನೊಂದು ವರ್ಷ ಎಳೆಯುವ ವ್ಯವಸ್ಥೆ ಇದೆಯಾದರೂ, ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ನನ್ನ ಐ3 ಹತ್ತಿರವೂ ಸುಳಿಯುವುದಿಲ್ಲ. ಹೊಸ ಮದರ್‌ಬೋರ್ಡು, 500 ಜಿಬಿ ಎನ್‌ವಿಎಂಇ (ಇನ್ನೂ ವೇಗದ ಎಸ್‌ಎಸ್‌ಡಿ) ತಂದೆ. ಡಿಸ್ಕಿನ ಪಾರ್ಟಿಶನ್‌ಗಳ ಲೆಕ್ಕ ಇಡಲು ಎರಡು ಪದ್ಧತಿ: ಹಳೆ ಡಿಸ್ಕು ಎಂಬಿಆರ್ ಪದ್ಧತಿಯದು, ಹೊಸ ಬೋರ್ಡಿಗೆ ಜಿಪಿಟಿ ಬೇಕು. ಇದಕ್ಕೆ ವಿಂಡೋಸಿನಲ್ಲೇ ಎಂಬಿಆರ್‌ಟುಜಿಪಿಟಿ ಅನ್ನುವ ಉಪಕರಣ ಇದೆ, ಫೈಲ್ ಅಳಿಸದೆ ಬದಲಿಸುತ್ತದೆ. ಪ್ರೈಮರಿ ಪಾರ್ಟಿಶನ್ ಮೂರಕ್ಕಿಂತ ಹೆಚ್ಚಿರಬಾರದು ಎಂಬ ಷರತ್ತಿದೆ, ಪುಣ್ಯಕ್ಕೆ ನನ್ನವು ಮೂರೇ ಇದ್ದವು.

480ರಿಂದ 500ಕ್ಕೆ ಹೋಗುವುದರಿಂದ ಕ್ಲೋನ್ ತಕರಾರಿಲ್ಲದೆ ಆಯಿತು. ಆಮೇಲೆ ನೀಲಿ ಪರದೆ: ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್. ಬೆವರು ಬಂತು, ಆದರೆ ಕಾಪಿಯ ದೋಷ ಅಲ್ಲ ಅದು. ಸಾಟಾ ಡಿಸ್ಕಿನಿಂದ (ಕೇಬಲಿನಲ್ಲಿ ಹಚ್ಚುವ ಹಳೇ ಬಗೆಯ ಡಿಸ್ಕು) ಏಳುವ ರೂಢಿಯ ವಿಂಡೋಸಿಗೆ ಎನ್‌ವಿಎಂಇ ಡ್ರೈವರನ್ನು ಬೂಟಿನ ಹೊತ್ತಿಗೇ ಕರೆಯಬೇಕೆಂದು ಗೊತ್ತಿರುವುದಿಲ್ಲ. ಮೂರು ಸಲ ಸೋತ ಮೇಲೆ ವಿಂಡೋಸ್ ತಾನಾಗಿಯೇ ರಿಪೇರಿ ಪರದೆ ತೋರಿಸಿತು. ಅಲ್ಲಿಂದ ಸೇಫ್ ಮೋಡಿಗೆ (ಅತ್ಯಗತ್ಯ ಡ್ರೈವರುಗಳಷ್ಟರಲ್ಲೇ ವಿಂಡೋಸ್ ಏಳಿಸುವ ಕ್ರಮ) ಹೋದೆ, ಎದ್ದಿತು. ರೀಸ್ಟಾರ್ಟ್ ಮಾಡಿದ ಮೇಲೆ ಎಲ್ಲ ಸಹಜ. ಬೋರ್ಡು ಬದಲಾದ್ದರಿಂದ ಆಕ್ಟಿವೇಶನ್ ಮತ್ತೆ ಕೇಳಿತು, ಹೊಸ ಕೀ ಹಾಕಿದೆ. ಬರೀ ಡಿಸ್ಕು ಬದಲಿಸಿದ ಹಿಂದಿನ ಸಲ ಆ ಮಾತೇ ಬಂದಿರಲಿಲ್ಲ. ನಂತರ ವಿಂಡೋಸ್ 11ಕ್ಕೆ ಏರಿಸಿದೆ. ಪೇಜ್‌ಮೇಕರನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು, ಅಷ್ಟೇ ವ್ಯತ್ಯಾಸ.

2021ರ ಆ 480 ಜಿಬಿಯ ಬಗ್ಗೆ ಒಂದು ಮಾತು. ಮಧ್ಯೆ ಒಮ್ಮೆ ಕಂಪ್ಯೂಟರ್ ಗಕ್ಕನೆ ನಿಲ್ಲುತ್ತಿತ್ತು, ಎಸ್‌ಎಸ್‌ಡಿ ಹೋಯಿತು ಅಂದುಕೊಂಡೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಸಿಆರ್‌ಸಿ ದೋಷದ (ಡೇಟಾ ಸಾಗುವಾಗ ಆಗುವ ತಪ್ಪು) ಲೆಕ್ಕ ಏರುತ್ತಿತ್ತು. ಅದು ಸಾಮಾನ್ಯವಾಗಿ ಕೇಬಲಿನ ಕಾಯಿಲೆ. ಸಾಟಾ ಕೇಬಲ್ ಬದಲಿಸಿದೆ, ಲೆಕ್ಕ ಅಲ್ಲಿಗೇ ನಿಂತಿತು. ನಾಲ್ಕು ವರ್ಷದ ನಂತರ ಅದರ ಆರೋಗ್ಯ 91 ಪ್ರತಿಶತ ತೋರಿಸುತ್ತಿದೆ.

ಅಂಕ ಕೊಡುವುದಾದರೆ ಐದಕ್ಕೆ ನಾಲ್ಕು. ಕಾಪಿ ಮಾಡುವುದರಲ್ಲಿ ಐದಕ್ಕೆ ಐದು, ಒಂದು ಫೈಲೂ ಕೆಟ್ಟಿಲ್ಲ. ಕಳೆದ ಒಂದು ಅಂಕ ಆ ಪರದೆಗೆ, ಹೊಸಬರನ್ನು ಅದು ಹೆದರಿಸುತ್ತದೆ. ಬರೀ ಬ್ರೌಸರ್ ಬಳಸುವವರು ಇದರ ಗೊಡವೆಗೇ ಹೋಗಬೇಡಿ, ಹೊಸದಾಗಿ ವಿಂಡೋಸ್ ಹಾಕಿಸಿಕೊಳ್ಳಿ. ಇನ್ನು ಕೌಂಟರಿನ ಕಂಪ್ಯೂಟರ್ ಬಾಕಿ ಇದೆ, ಅದೂ ವಿಂಡೋಸ್ 10. ಲಗ್ನಸರಾಯಿ ಮುಗಿಯುವ ತನಕ ಅದನ್ನು ಮುಟ್ಟುವುದಿಲ್ಲ.