ತಿಂಗಳ ದೇಣಿಗೆ, ನಡಿಗೆ, ರಕ್ತದಾನ: ಮೂರನ್ನೂ ಮಾಡಿ ನೋಡಿದ ಮೇಲೆ

ನನ್ನ ಮಟ್ಟಿಗೆ ಗೆದ್ದಿದ್ದು ರಕ್ತದಾನ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುವಾಗ ನನ್ನ ಒಲವು ಯಾವ ಕಡೆ ಅಂತ ಹೇಗೂ ಗೊತ್ತಾಗುತ್ತದೆ. "ಯಾರಿಗಾದರೂ ಉಪಯೋಗ ಆಗೋ ಕೆಲಸ ಮಾಡಬೇಕು, ಆದರೆ ಕೈಯಲ್ಲಿ ದುಡ್ಡು ಅಷ್ಟಕ್ಕಷ್ಟೇ. ಎಲ್ಲಿಂದ ಶುರು ಮಾಡಲಿ?" ಅಂತ ಗೆಳತಿಯೊಬ್ಬಳು ಕೇಳಿದಳು. ನಾಲ್ಕು ವರ್ಷದಲ್ಲಿ ನಾನು ಒಂದೊಂದಾಗಿ ಮಾಡಿ ನೋಡಿದ್ದನ್ನು ಅವಳಿಗೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದು ತಿಂಗಳ ದೇಣಿಗೆ. ಒಂದು ಮಗುವಿನ ಚಿಕಿತ್ಸೆಗೆ ಅಂತ ಫೋನಿನಲ್ಲೇ ಹಣ ಕಳಿಸಿದ್ದೆ. 'ಪ್ರತಿ ತಿಂಗಳೂ' ಅನ್ನುವ ಚೌಕದಲ್ಲಿ ಮೊದಲೇ ಗುರುತು ಬಿದ್ದಿತ್ತು, ನಾನು ನೋಡಲಿಲ್ಲ. ಐದು ತಿಂಗಳು ಹಣ ಕಡಿತವಾದ ಮೇಲೆ ಗೊತ್ತಾಯಿತು. ನಿಲ್ಲಿಸಿ ಅಂತ ಅವರಿಗೆ ಎರಡು ಸಲ ಬರೆದೆ, ಉತ್ತರ ಬರಲಿಲ್ಲ. ಕೊನೆಗೆ ನನ್ನ ಬ್ಯಾಂಕಿನ ಆ್ಯಪ್‌ಗೇ ಹೋಗಿ ಆಟೋ ಡೆಬಿಟ್ ಅನುಮತಿ ರದ್ದು ಮಾಡಿದೆ. ಎರಡು ನಿಮಿಷದ ಕೆಲಸ ಅಷ್ಟೇ. ಹಣ ಪಡೆಯುವವರು ನಿಲ್ಲಿಸದಿದ್ದರೆ ಕೊಡುವವರ ಕಡೆಯಿಂದಲೇ ನಿಲ್ಲಿಸಬಹುದು, ಇದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ.

ಹಾಗಂತ ತಿಂಗಳ ದೇಣಿಗೆಯೇ ಬೇಡ ಅನ್ನುವುದಿಲ್ಲ. ಕೆಲಸ ಮಾಡುವ ಸಂಸ್ಥೆಗೆ ಒಂದೇ ಸಲ ಬರುವ ದೊಡ್ಡ ಮೊತ್ತಕ್ಕಿಂತ ತಪ್ಪದೆ ಬರುವ ಸಣ್ಣ ಮೊತ್ತ ಹೆಚ್ಚು ಕೆಲಸಕ್ಕೆ ಬರುತ್ತದೆ. ಮುಂದಿನ ತಿಂಗಳು ನರ್ಸ್‌ಗೆ ಸಂಬಳ ಕೊಡಲು ಆಗುತ್ತದೋ ಇಲ್ಲವೋ ಅಂತ ಅವರು ಲೆಕ್ಕ ಹಾಕಬಹುದು. ಈಗ ನಾನು ಒಂದೇ ಒಂದು ಸಂಸ್ಥೆಗೆ ಕೊಡುತ್ತೇನೆ. ಅವರ ವಾರ್ಷಿಕ ಲೆಕ್ಕಪತ್ರ ಓದಿದ ಮೇಲೆ, ಚೌಕಗಳನ್ನೆಲ್ಲ ನೋಡಿಕೊಂಡು ಶುರು ಮಾಡಿದ್ದು.

ಎರಡನೆಯದು ನಡಿಗೆ. ಕ್ಯಾನ್ಸರ್ ಚಿಕಿತ್ಸೆಗೆ ಹಣ ಕೂಡಿಸುವ ನಡಿಗೆಯಲ್ಲಿ ಎರಡು ಸಲ ಭಾಗವಹಿಸಿದೆ. ಮನಸ್ಸಿಗೆ ತುಂಬಾ ಖುಷಿಯಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಟ್ಟಿದ ಪ್ರವೇಶ ಶುಲ್ಕದಲ್ಲಿ ಟೀ ಶರ್ಟು, ಪದಕ, ವೇದಿಕೆ, ಮೈಕು ಎಲ್ಲ ಕಳೆದು ಚಿಕಿತ್ಸೆಗೆ ಎಷ್ಟು ಹೋಯಿತು ಅಂತ ಕೇಳಿದರೆ ಯಾರ ಬಳಿಯೂ ಉತ್ತರವಿರಲಿಲ್ಲ. ಇಂಥ ನಡಿಗೆ, ಓಟಗಳಿಗೆ ದಾರಿ ತೋರಿಸಿದವರಲ್ಲಿ ಕೆನಡಾದ ಟೆರ್ರಿ ಫಾಕ್ಸ್ ಒಬ್ಬ. ಕ್ಯಾನ್ಸರ್‌ಗೆ ಒಂದು ಕಾಲು ಕಳೆದುಕೊಂಡು, 1980ರಲ್ಲಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಲು ಕೃತಕ ಕಾಲು ಹಾಕಿಕೊಂಡು 143 ದಿನ ಓಡಿದ ಹುಡುಗ. 5,373 ಕಿಲೋಮೀಟರ್ ಆದ ಮೇಲೆ ರೋಗ ಶ್ವಾಸಕೋಶಕ್ಕೆ ಹರಡಿದ್ದು ಗೊತ್ತಾಗಿ ನಿಲ್ಲಿಸಬೇಕಾಯಿತು. ಮರುವರ್ಷ ತೀರಿಕೊಂಡ. ಅವನ ಹೆಸರಿನ ಓಟ 1981ರಿಂದ ನಡೆದುಕೊಂಡು ಬಂದಿದೆ. ನೀವೂ ಎಲ್ಲಾದರೂ ಹೆಸರು ಬರೆಸುವ ಮುಂಚೆ, ಶುಲ್ಕದಲ್ಲಿ ರೋಗಿಗಳಿಗೆ ಹೋಗುವ ಪಾಲು ಎಷ್ಟು ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ರಕ್ತದಾನ. ಮೊದಲ ಸಲ ಹೋದಾಗಲೇ ನನ್ನನ್ನು ವಾಪಸ್ ಕಳಿಸಿದರು.

ಕೆಲವು ಕಡೆ ರಕ್ತ ತೆಗೆಯುವ ಮುಂಚೆ ಒಂದು ಹಳೇ ಪರೀಕ್ಷೆ ಈಗಲೂ ಮಾಡುತ್ತಾರೆ. ಗಾಜಿನ ಲೋಟದಲ್ಲಿ ಮೈಲುತುತ್ತದ ನೀಲಿ ದ್ರಾವಣ. ಬೆರಳ ತುದಿಗೆ ಚುಚ್ಚಿ ಒಂದು ಹನಿ ರಕ್ತ ಅದರೊಳಗೆ ಬಿಡುತ್ತಾರೆ. ನೂರು ಮಿಲಿ ರಕ್ತದಲ್ಲಿ ಹಿಮೋಗ್ಲೋಬಿನ್ (ಕೆಂಪು ಕಣಗಳಲ್ಲಿರುವ, ಕಬ್ಬಿಣ ಸೇರಿದ ಪ್ರೋಟೀನ್) 12.5 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಹನಿ ಭಾರವಾಗಿದ್ದು ಹದಿನೈದು ಸೆಕೆಂಡಿನೊಳಗೆ ತಳ ಸೇರುತ್ತದೆ. ನನ್ನದು ಕೆಂಪು ಮಣಿಯ ಹಾಗೆ ಒಂದಿಷ್ಟು ಇಳಿಯಿತು. ನಡುವೆ ನಿಂತಿತು. ಆಮೇಲೆ ಮೆಲ್ಲಗೆ ಮೇಲಕ್ಕೆ ಬಂತು. "ನಿಮ್ಮದು ಆಗಲ್ಲ, ಮುಂದಿನವರು ಬನ್ನಿ" ಅಂದರು, ಅಷ್ಟೇ. ಯಾಕೆ ಆಗಲ್ಲ, ಮುಂದೆ ಏನು ಮಾಡಬೇಕು, ಒಂದು ಮಾತೂ ಇಲ್ಲ.

ಆ ಒಂದು ಮಾತು ಹೇಳದೇ ಇರುವುದರಿಂದ ಎಷ್ಟು ನಷ್ಟ ಅಂತ ಆಮೇಲೆ ಅರ್ಥವಾಯಿತು. ನನ್ನ ರಕ್ತದಲ್ಲೇ ಏನೋ ದೋಷವಿದೆ ಅಂದುಕೊಂಡು ಒಂದು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ. ನನ್ನ ಹಾಗೇ ಸುಮ್ನೆ ಮನೆಗೆ ಹೋಗಿ ಮತ್ತೆ ಬಾರದೇ ಇದ್ದವರನ್ನು ನಾನೇ ನಾಲ್ಕೈದು ಜನರನ್ನು ಕಂಡಿದ್ದೇನೆ. ನಿಜ ಸಂಗತಿ ಬೇರೆ. ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಇದ್ದವರಿಂದ ರಕ್ತ ತೆಗೆಯಬಾರದು ಅನ್ನುವ ನಿಯಮ ಇರುವುದು ಮುಖ್ಯವಾಗಿ ಕೊಡುವವರನ್ನು ಕಾಪಾಡಲು. ಸುಮಾರು 450 ಮಿಲಿ ರಕ್ತದ ಜೊತೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ಮೈಯಿಂದ ಹೋಗುತ್ತದೆ. ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಆದರೆ ಕೆಂಪು ಕಣ ತುಂಬಲು ವಾರಗಟ್ಟಲೆ ಬೇಕು. ಮೊದಲೇ ಕಡಿಮೆ ಇರುವವರಿಂದ ತೆಗೆದರೆ ಅವರೇ ಸುಸ್ತಾಗುತ್ತಾರೆ.

ಡಾಕ್ಟರ ಹತ್ತಿರ ಹೋದೆ. ಪರೀಕ್ಷೆ ಮಾಡಿಸಿ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಊಟದ ಜೊತೆಗೇ ಟೀ ಕುಡಿಯುವ ಅಭ್ಯಾಸ ಬಿಡಿ ಅಂದರು, ಟೀ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಮಾತ್ರೆ ನುಂಗುವುದಕ್ಕಿಂತ ಆ ಟೀ ಬಿಡುವುದೇ ನನಗೆ ಕಷ್ಟವಾಯಿತು. ನಾಲ್ಕು ತಿಂಗಳು ಬಿಟ್ಟು ಬೇರೆ ರಕ್ತನಿಧಿಗೆ ಹೋದೆ. ಅಲ್ಲೂ ಅದೇ ನೀಲಿ ಲೋಟ. ಹನಿ ಬಿಟ್ಟರು. ನಾನು ಉಸಿರು ಬಿಗಿಹಿಡಿದು ನೋಡುತ್ತಾ ಇದ್ದೆ. ನೇರ ತಳಕ್ಕೆ ಹೋಗಿ ಕೂತಿತು! ಪರೀಕ್ಷೆಯಲ್ಲಿ ಪಾಸಾದಾಗಲೂ ಅಷ್ಟು ಸಂತೋಷ ಆಗಿರಲಿಲ್ಲ.

ಚೀಲ ತುಂಬಲು ಹತ್ತು ನಿಮಿಷ ಸಾಕು. ಮುಂಚಿನ ಪ್ರಶ್ನೆಗಳು, ಆಮೇಲಿನ ವಿಶ್ರಾಂತಿ ಎಲ್ಲ ಸೇರಿ ಒಂದು ಗಂಟೆ. ಸೂಜಿಗೆ ಹೆದರುವವರಿಗೆ ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಕಥೆ ಹೇಳುತ್ತೇನೆ. 14ನೇ ವಯಸ್ಸಿನಲ್ಲಿ ಎದೆಯ ಶಸ್ತ್ರಚಿಕಿತ್ಸೆಯಾದಾಗ ಬೇರೆಯವರ ರಕ್ತದಿಂದ ಉಳಿದವರು. 1954ರಿಂದ 2018ರವರೆಗೆ 1,173 ಸಲ ಕೊಟ್ಟರು. ಅವರ ಪ್ಲಾಸ್ಮಾದಿಂದ, ಅಂದರೆ ರಕ್ತದ ದ್ರವ ಭಾಗದಿಂದ, ಆರ್‌ಎಚ್ ನೆಗೆಟಿವ್ (ರಕ್ತದ ಗುಂಪಿನಲ್ಲಿ 'ನೆಗೆಟಿವ್' ಇರುವ) ಗರ್ಭಿಣಿಯರಿಗೆ ಕೊಡುವ ಆ್ಯಂಟಿ ಡಿ ಔಷಧಿ ತಯಾರಾಗುತ್ತಿತ್ತು, ತಾಯಿಯ ದೇಹ ಮಗುವಿನ ರಕ್ತಕಣಗಳ ಮೇಲೆ ದಾಳಿ ಮಾಡದಂತೆ ಅದು ತಡೆಯುತ್ತದೆ. ಸೂಜಿ ಅಂದರೆ ಅವರಿಗೆ ಕೊನೆಯವರೆಗೂ ಭಯ, ಪ್ರತಿ ಸಲವೂ ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರಂತೆ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಕೆಂಪು ಕಣಗಳನ್ನು ತಂಪಿನಲ್ಲಿಟ್ಟರೂ ಹೆಚ್ಚೆಂದರೆ 42 ದಿನ ಇಡಬಹುದು. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಐದೇ ದಿನ, ಅದೂ ಅಲುಗಾಡಿಸುತ್ತಲೇ ಇರಬೇಕು. ಹಾಗಾಗಿ ಎಲ್ಲರೂ ಒಂದೇ ದಿನ ಶಿಬಿರಕ್ಕೆ ನುಗ್ಗಿ, ಆಮೇಲೆ ತಿಂಗಳುಗಟ್ಟಲೆ ಯಾರೂ ಬಾರದಿದ್ದರೆ ರಕ್ತನಿಧಿಗೆ ಕಷ್ಟವೇ. ಅದಕ್ಕೇ ನಾನು ಈಗ ಶಿಬಿರಕ್ಕೆ ಹೋಗುವುದಿಲ್ಲ. ಫೋನ್ ಮಾಡಿ, ನನ್ನ ಗುಂಪು ಯಾವಾಗ ಬೇಕು ಅಂತ ಕೇಳಿ ಆ ವಾರ ಹೋಗುತ್ತೇನೆ.

ಉಳಿದವು ಚುಟುಕಾಗಿ. ಕೂದಲು: ಕೊಟ್ಟಿದ್ದೇನೆ, ಒಂದು ವಿಗ್‌ಗೆ ಹಲವರ ಕೂದಲು ಬೇಕು, ಎಷ್ಟು ಉದ್ದ ಬೇಕು ಅಂತ ಕೇಳಿಕೊಂಡೇ ಕತ್ತರಿಸಿ. ಮನೆಯಲ್ಲಿ ಉಳಿದ ಮಾತ್ರೆ: ಕೊಡಬೇಡಿ, ಒಬ್ಬ ರೋಗಿ ಉಳಿಸಿದ ಔಷಧಿಯನ್ನು ದಾನವಾಗಿ ಕೊಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. 'ತುರ್ತಾಗಿ ರಕ್ತ ಬೇಕು' ಅನ್ನುವ ಮೆಸೇಜು: ಮುಂದೆ ಕಳಿಸುವ ಮುಂಚೆ ಆ ನಂಬರಿಗೆ ಒಂದು ಸಲ ಕರೆ ಮಾಡಿ, ಎಷ್ಟೋ ಸಲ ಅದು ವರ್ಷದ ಹಿಂದಿನದಾಗಿರುತ್ತದೆ. ಮೂಳೆಮಜ್ಜೆ ದಾನಿಗಳ ಪಟ್ಟಿ: ಕೆನ್ನೆಯೊಳಗೆ ಹತ್ತಿ ಉಜ್ಜಿ ಮಾದರಿ ಕೊಟ್ಟರೆ ಸಾಕು, ಯಾವ ರೋಗಿಗೂ ಹೊಂದದಿದ್ದರೆ ಕರೆ ಬರದೆಯೇ ಇರಬಹುದು. ಆದರೆ ಕರೆ ಬಂದು ಒಪ್ಪಿಕೊಂಡ ಮೇಲೆ ಹಿಂದೆ ಸರಿಯುವುದಾದರೆ ಹೆಸರು ಕೊಡಲೇಬೇಡಿ. ಅಷ್ಟರಲ್ಲಿ ನಿಮ್ಮದನ್ನು ಹಾಕಲೆಂದು ರೋಗಿಯ ಸ್ವಂತ ಮಜ್ಜೆಯನ್ನು ಔಷಧಿ ಕೊಟ್ಟು ನಾಶಮಾಡಿದ್ದರೆ ಅವರ ಜೀವಕ್ಕೇ ಅಪಾಯ, ಅಲ್ವಾ?

ನನ್ನ ಸಂಬಳದಲ್ಲಿ ಕೊಡಬಹುದಾದ ದುಡ್ಡು ಕಡಿಮೆ. ಬೆಳಗ್ಗೆ ಬೇಗ ಎದ್ದು ನಡಿಗೆಗೆ ತಯಾರಾಗುವ ಅಭ್ಯಾಸವೂ ಇಲ್ಲ. ಆದರೆ ಕೆಲವು ತಿಂಗಳಿಗೊಮ್ಮೆ ಒಂದು ಗಂಟೆ ಸಿಗುತ್ತದೆ. ದುಡ್ಡಿದ್ದು ಪುರುಸೊತ್ತಿಲ್ಲದವರಿಗೆ ತಿಂಗಳ ದೇಣಿಗೆಯೇ ಸರಿ. ಆರೋಗ್ಯದ ಕಾರಣಕ್ಕೆ ರಕ್ತ ಕೊಡಲಾಗದವರೂ ಅದನ್ನೇ ಮಾಡಬಹುದು. ಗೆಳತಿಗೆ ಮಾತ್ರ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೋ ಅಂದೆ. ವರದಿ ಬಂದಿದೆ, 13.1 ಇದೆಯಂತೆ. ನನ್ನ ಮುಂದಿನ ಸರದಿಗೆ ಅವಳೂ ಜೊತೆಗೆ ಬರುತ್ತಾಳೆ.